ಮುಚ್ಚಿದರೂ ಮುಚ್ಚದ ತಗಡು

ಚನ್ನಪಟ್ಟಣ

ಮರಿಯಪ್ಪನಿಗೆ,

ನಿನ್ನ ವರದಿಯ ಎರಡನೆಯ ಪುಟದಲ್ಲಿ ಒಂದು ತಪ್ಪಿದೆ. ಅದನ್ನು ತಿದ್ದದೆ ಕ್ಷೇಮಸಮಾಚಾರ ಬರೆಯುವುದು ನನ್ನಿಂದಾಗದು. "ಕಾರ್ಮಿಕನೊಬ್ಬನು ಒಲೆಯ ಬಾಗಿಲ ಬಳಿ ಬೀಡಿ ಹಚ್ಚಿದ್ದರಿಂದ ಸ್ಫೋಟ ಸಂಭವಿಸಿದೆ" ಎಂದು ಬರೆದು ಕೆಳಗೆ ರುಜು ಮಾಡಿದ್ದೀಯೆ. ಸ್ಫೋಟವಾದದ್ದು ನವೆಂಬರ್ ೨೨ರ ಗುರುವಾರ, ಹಗಲು ಮೂರು ಗಂಟೆಗೆ. ಅದು ರಂಜಾನ್ ತಿಂಗಳು. ಆ ಕಾರ್ಮಿಕ ಪೀರ್ ಸಾಬ್. ಮುಂಜಾವದಿಂದ ತೊಟ್ಟು ನೀರನ್ನೂ ಬಾಯಿಗೆ ಬಿಟ್ಟುಕೊಳ್ಳದ ಉಪವಾಸಿಯು ಬೀಡಿ ಸೇದಿದನೆಂದು ಪುಣೆಯಲ್ಲಿ ಕುಳಿತ ನಿನಗೆ ಯಾವ ಕಿಟಕಿಯಿಂದ ಕಾಣಿಸಿತು?

ವರದಿಯನ್ನು ನನಗೆ ತಂದು ತೋರಿಸಿದವನು ಅಂಕಯ್ಯ. ಹಾರೋಹಳ್ಳಿಯ ಆ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನಿನಗಿಂತ ನಾಲ್ಕು ವರ್ಷ ಕಿರಿಯ, ನನ್ನ ಶಿಷ್ಯನೇ. "ನೋಡಿ ಮೇಷ್ಟ್ರೆ, ನಮ್ ಮರಿಯಪ್ಪ ಎಷ್ಟು ಚೆಂದಾಗಿ ಬರ್ದವ್ನೆ, ಕಾರ್ಖಾನೆ ಮ್ಯಾಲೆ ಒಂದು ಮಾತಿಲ್ಲ" ಎಂದು ಹೆಮ್ಮೆಯಿಂದಲೇ ಹೇಳಿದ. ಬಣ್ಣ ಒಣಗಿಸುವ ಆ ಒಲೆಗಳನ್ನು ಮಾಡಿದ್ದು ನಿನ್ನ ಕಂಪನಿ, ನಕ್ಷೆ ಬರೆದದ್ದು ನೀನು ಎಂಬುದು ನನಗೆ ತಿಳಿದದ್ದು ಆಗಲೇ.

ಪೀರ್ ಸಾಬ್ ಯಾರೆಂಬುದನ್ನು ನೀನು ಮರೆತಿದ್ದರೆ ನೆನಪಿಸುತ್ತೇನೆ. ನಿನ್ನ ತಂದೆ ದೊಡ್ಡಮುನಿಯಪ್ಪನ ಪಕ್ಕದ ಲೇತಿನಲ್ಲಿ ಇಪ್ಪತ್ತು ವರ್ಷ ಕುಳಿತು ಅರಗಿನ ಗೊಂಬೆ ಮಾಡಿದವನು. ಚನ್ನಪಟ್ಟಣದಲ್ಲಿ ಆ ಕೆಲಸ ಕ್ಷೀಣಿಸಿದ ಮೇಲೆ ಹಾರೋಹಳ್ಳಿಗೆ ಹೋದ. ಅಲ್ಲಿ ಮರದ ಗೊಂಬೆಗಳಿಗೂ ಬೀರುವಿನ ಹಿಡಿಗಳಿಗೂ ಥಿನ್ನರ್ ಬೆರೆಸಿದ ಬಣ್ಣವನ್ನು ಸಿಂಪಡಿಸಿ, ನಿನ್ನ ಒಲೆಯಲ್ಲಿ ಒಣಗಿಸುತ್ತಾರೆ. ಈಗ ಅವನ ಎರಡೂ ಕೈಗಳು ಮೊಣಕೈಯವರೆಗೆ ಸುಟ್ಟಿವೆ. ನಿನ್ನ ಆ ಒಂದು ವಾಕ್ಯವನ್ನು ಹಿಡಿದುಕೊಂಡು ಪೊಲೀಸರು ಅವನ ಮೇಲೆಯೇ ಅಜಾಗರೂಕತೆಯ ಮೊಕದ್ದಮೆ ಬರೆದುಕೊಂಡಿದ್ದಾರೆ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನಿನ್ನ ಒಲೆಗಳು ಅಲ್ಲಿ ಎರಡು. ಒಂದು ಹಾರಿಹೋಯಿತು; ಮತ್ತೊಂದು ಹಾಗೆಯೇ ನಿಂತಿದೆ. ಒಲೆಯಲ್ಲಿ ದೋಷವಿಲ್ಲವೆಂದು ನೀನೇ ಬರೆದಿರುವುದರಿಂದ ಸಂಕ್ರಾಂತಿ ಕಳೆದ ಮೇಲೆ ಅದನ್ನು ಹೊತ್ತಿಸುತ್ತಾರಂತೆ. ಅದರ ಮುಂದೆ ನಿಲ್ಲಲಿರುವವಳು ಪೀರ್ ಸಾಬನ ಮಗಳು ಫಿರೋಜಾ. ತಂದೆಯ ಬದಲು ಮಗಳಿಗೆ ಕೆಲಸ ಕೊಟ್ಟದ್ದೇ ಮಹೋಪಕಾರವೆಂಬಂತೆ ಮಾತಾಡುತ್ತಿದ್ದಾರೆ.

ಬೆಂಕಿ ಎಲ್ಲಿಂದ ಬಂತು? ಎರಡನೆಯ ಒಲೆಯಲ್ಲಿಯೂ ಅದು ಬರಬಲ್ಲುದೇ? ಉತ್ತರಿಸು. ಆಶೀರ್ವಾದವನ್ನು ಈ ಪತ್ರದಲ್ಲಿ ಬರೆದಿಲ್ಲ. ಮರೆತದ್ದಲ್ಲ.

ಚೆಲುವಯ್ಯ, ನಿವೃತ್ತ ಉಪಾಧ್ಯಾಯ
೧೦ ಡಿಸೆಂಬರ್ ೨೦೦೧, ಬೆಳಿಗ್ಗೆ ಏಳೂಕಾಲು ಗಂಟೆ


ಪುಣೆ, ೨೪ ಡಿಸೆಂಬರ್ ೨೦೦೧

ಪೂಜ್ಯ ಗುರುಗಳಿಗೆ,

ಮರಿಯಪ್ಪನ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಪತ್ರ ತಲುಪಿತು. ಬೀಡಿಯ ವಿಷಯವನ್ನು ಕಾರ್ಖಾನೆಯವರು ಫೋನಿನಲ್ಲಿ ಹೇಳಿದ್ದರು; ನಾನು ವಿಚಾರಿಸದೆ ಬರೆದೆ. ಆ ವಾಕ್ಯವನ್ನು ತೆಗೆಯುತ್ತೇನೆ. ಬೆಂಕಿ ಹತ್ತಿದ್ದು ಬಹುಶಃ ಒಲೆಯ ವಿದ್ಯುತ್ ಸುರುಳಿಗಳಿಂದಲೇ.

ಆದರೆ ಸುರುಳಿ ಕೆಂಪಗಿರುವುದು ಅದರ ಸ್ವಭಾವ. ಬಣ್ಣ ಒಣಗುವಾಗ ಥಿನ್ನರ್ ಆವಿಯಾಗುತ್ತದೆ. ಒಂದು ಫ್ಯಾನು ಆ ಆವಿಯನ್ನು ಎಳೆದು ಕೊಳವೆಯ ಮೂಲಕ ಮಾಡಿನಿಂದಾಚೆಗೆ ಬಿಡುತ್ತದೆ. ಅದರ ಜಾಗಕ್ಕೆ ಹೊರಗಿನ ಗಾಳಿ ಬರುತ್ತದೆ. ಹೀಗೆ ನಡೆಯುವವರೆಗೆ ಅಪಾಯವಿಲ್ಲ. ಕೊಳವೆಯೊಳಗೆ ಒಂದು ತಗಡು ಇದೆ. ಹೊರಗಿನ ಹಿಡಿಯನ್ನು ತಿರುಗಿಸಿ ಗಾಳಿಯನ್ನು ಹೆಚ್ಚು ಕಡಿಮೆ ಮಾಡಬಹುದು. ಸ್ಫೋಟವಾದ ದಿನ ಆ ತಗಡು ಪೂರ್ತಿ ಮುಚ್ಚಿತ್ತು. ಹೋಗಬೇಕಾದ ಆವಿ ಒಳಗೇ ತುಂಬಿಕೊಂಡಿತು. ಮುಚ್ಚಿದ್ದು ಗಾಯಗೊಂಡ ಆ ಕಾರ್ಮಿಕನೇ ಎಂದು ಇತರರು ಹೇಳಿಕೆ ಕೊಟ್ಟಿದ್ದಾರೆ.

ಒಲೆ ಉರಿಯುತ್ತಿರುವಾಗ ಅದನ್ನು ಮುಚ್ಚಕೂಡದೆಂದು ನಮ್ಮ ಸೂಚನಾ ಪುಸ್ತಕದಲ್ಲಿ ಸ್ಪಷ್ಟವಾಗಿ ಅಚ್ಚಾಗಿದೆ. ತಾವೇ ನಮಗೆ ಕಲಿಸಿದ್ದು, ನಿಯಮವನ್ನು ಓದದಿರುವುದು ನಿಯಮ ಮುರಿದುದಕ್ಕೆ ಸಮರ್ಥನೆಯಲ್ಲ ಎಂದು.

ಆ ಕುಟುಂಬಕ್ಕೆ ನನ್ನ ಕೈಲಾದುದನ್ನು ಮಾಡುತ್ತೇನೆ. ದಯವಿಟ್ಟು ಈ ವಿಷಯವನ್ನು ತಾವು ಇಲ್ಲಿಗೆ ಬಿಡಬೇಕು. ತನಿಖೆ ಮುಗಿಯುವವರೆಗೆ ನಾನು ಇದರ ಬಗ್ಗೆ ಬರೆಯುವಂತಿಲ್ಲ.

ತಮ್ಮ ವಿಧೇಯ,
ಮರಿಯಪ್ಪ


ಚನ್ನಪಟ್ಟಣ

ಮರಿಯಪ್ಪನಿಗೆ,

ನಿನ್ನ ಸೂಚನಾ ಪುಸ್ತಕವನ್ನು ನೋಡಿ ಬಂದೆ. ಅದು ಅಂಕಯ್ಯನ ಬೀರುವಿನಲ್ಲಿದೆ, ಇಂಗ್ಲಿಷಿನಲ್ಲಿದೆ, ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಯಾರೂ ಹರಿದಿಲ್ಲ. ನಾನು ಕಲಿಸಿದ ಮಾತನ್ನು ನನಗೇ ಒಪ್ಪಿಸುವಷ್ಟು ನೀನು ಬೆಳೆದಿದ್ದೀಯೆ, ಸಂತೋಷ. ಆ ಮಾತನ್ನು ನಾನು ಹೇಳಿದ್ದು ಮನೆಲೆಕ್ಕ ಮಾಡದೆ ಬಂದ ಹುಡುಗರಿಗೆ. ಲೆಕ್ಕ ತಪ್ಪಿದ ಹುಡುಗನ ಕೈಯನ್ನು ನಾನು ಎಂದೂ ಸುಟ್ಟಿರಲಿಲ್ಲ.

ಪೀರ್ ಸಾಬನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದಾರೆ. ಕೈಗಳನ್ನು ದಿಂಬಿನ ಮೇಲಿಟ್ಟುಕೊಂಡು ಕುಳಿತಿದ್ದ. ನನ್ನನ್ನು ಕಂಡೊಡನೆ, "ಗಡ್ಡ ಸುಟ್ಟೋಯ್ತು ಮೇಷ್ಟ್ರೆ, ಈಗ ನಾನೂ ನಿಮ್ಮಂಗೇ ಬೋಳು ಮೋರೆಯೋನಾದೆ" ಎಂದು ನಕ್ಕ. ನಾನು ನಗಲಿಲ್ಲ. ತಗಡನ್ನು ಮುಚ್ಚಿದವರು ಯಾರೆಂದು ನೇರವಾಗಿ ಕೇಳಿದೆ.

"ನಾನೇ. ಮುಚ್ಬ್ಯಾಡ ಅಂದಿದ್ರು, ಇಲ್ಲ ಅನ್ನಲ್ಲ. ನಾಕು ದಿನದಿಂದ ಜಡಿ ಮಳೆ. ಹೊರಗಿನ ತೇವ ಒಳೀಕೆ ಬಂದು ಬಣ್ಣದ ಮ್ಯಾಲೆ ಬೆಳ್ಳಗೆ ಮಂಜು ಕೂರ್ತಿತ್ತು. ಮಾಲು ವಾಪಸ್ ಬತ್ತದೆ ಅಂತ ಅಂಕಯ್ಯ ಬಯ್ತಿದ್ದ. ಗಾಳಿ ಬಿದ್ರೆ ಅರಗು ಮಂಕಾಗಕಿಲ್ವಾ? ಕಿಟಕಿ ಮುಚ್ಚ್ದಂಗೆ ಮುಚ್ಚ್ಬುಟ್ಟೆ."

ಈ ಮಾತನ್ನು ಇನ್ನೊಮ್ಮೆ ಓದು, ಮರಿಯಪ್ಪ. ಕಿಟಕಿ ಮುಚ್ಚಿದ ಹಾಗೆ.

ಪುಣೆಯಲ್ಲಿ ನಿನ್ನ ಪಕ್ಕದ ಮೇಜಿನ ಇಂಜಿನಿಯರಿಗೆ ಈ ವಾಕ್ಯ ಅರ್ಥವಾಗದಿದ್ದರೆ ನಾನು ಅವರನ್ನು ದೂರುವುದಿಲ್ಲ. ನಿನಗೆ ಅರ್ಥವಾಗಲಿಲ್ಲವೆಂದರೆ ನಂಬುವುದಿಲ್ಲ. ನಿನ್ನ ತಂದೆಯ ಲೇತಿನ ಹಿಂದೆ ಒಂದು ಕಿಟಕಿಯಿತ್ತು; ಅದಕ್ಕೆ ಗೋಣಿತಟ್ಟು ಕಟ್ಟಿತ್ತು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಅದು ಕರಗಿ ಹತ್ತಿಕೊಳ್ಳುವ ಹೊತ್ತಿಗೆ ಹೊರಗಿನ ಗಾಳಿ ಸೋಕಿದರೆ ಹೊಳಪು ಕೆಟ್ಟಿತೆಂದು ದೊಡ್ಡಮುನಿಯಪ್ಪ ಕೂಗುತ್ತಿದ್ದ. ಎದ್ದು ಹೋಗಿ ಆ ತಟ್ಟನ್ನು ಇಳಿಸುವುದು ನಿನ್ನ ಕೆಲಸವಾಗಿತ್ತು. ಅದಕ್ಕಾಗಿ ನೀನು ಶಾಲೆಗೆ ತಡವಾಗಿ ಬಂದ ದಿನಗಳಲ್ಲಿ ನಾನು ನಿನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಈ ಊರಿನ ಅರಗಿನ ಕೆಲಸದವರನ್ನು ಒಲೆಯ ಮುಂದೆ ನಿಲ್ಲಿಸಿದರೆ ಮಂಕು ಕಂಡ ತಕ್ಷಣ ಅವರ ಕೈ ಗಾಳಿಯನ್ನು ಮುಚ್ಚುತ್ತದೆಂದು ಭೂಮಿಯ ಮೇಲೆ ತಿಳಿದಿದ್ದ ಇಂಜಿನಿಯರ್ ನೀನೊಬ್ಬನೇ.

ಮುಚ್ಚಲೇಬಾರದ ತಗಡಿಗೆ ಪೂರ್ತಿ ಮುಚ್ಚುವ ಹಿಡಿಯನ್ನು ಏಕೆ ಇಟ್ಟೆ?

ಎರಡನೆಯ ಒಲೆಯ ಸಿದ್ಧತೆಯನ್ನೂ ನೋಡಿದೆ. ಸಿದ್ಧತೆಯೆಂದರೆ ಒಂದು ಹಲಗೆ. "ಇದನ್ನು ಮುಚ್ಚ ಬಾರದು" ಎಂದು ಕೆಂಪು ಬಣ್ಣದಲ್ಲಿ ಬರೆಸಿದ್ದಾರೆ. ಮುಚ್ಚಬಾರದು ಎಂಬುದನ್ನು ಒಂದೇ ಪದವಾಗಿ ಬರೆಯಬೇಕು. ಅದನ್ನು ನಾನು ಅಂಕಯ್ಯನಿಗೆ ಹೇಳಲಿಲ್ಲ, ಸರಿಯಾಗಿ ಬರೆದ ಹಲಗೆಯೂ ಬೆಂಕಿಯನ್ನು ತಡೆಯದು. ಫಿರೋಜಾ ಅದರ ಕೆಳಗೇ ನಿಂತಿದ್ದಳು. "ಅಬ್ಬಾಗೂ ಗೊತ್ತಿತ್ತು ಮೇಷ್ಟ್ರೆ, ಮುಚ್ಬಾರ್ದು ಅಂತ. ಅಬ್ಬಾನ ಕೈಗೆ ಗೊತ್ತಿರ್ಲಿಲ್ಲ ಅಷ್ಟೆ" ಎಂದಳು. ಅವಳೂ ಹತ್ತು ವರ್ಷ ತಂದೆಯ ಪಕ್ಕದಲ್ಲಿ ಕುಳಿತು ತಾಳೆಗರಿಯಿಂದ ಗೊಂಬೆ ಉಜ್ಜಿ ಹೊಳಪು ತಂದವಳು. ಅವಳ ಕೈಗೂ ಅದೇ ಅಭ್ಯಾಸ.

ಒಲೆ ಮಾಡಿದವನು ನೀನೆಂದು ಪೀರ್ ಸಾಬನಿಗೆ ಹೇಳಿಲ್ಲ. "ದೊಡ್ಡಮುನಿಯಪ್ಪನ ಮರಿ ಇಂಜಿನಿಯರ್ ಅಲ್ವಾ, ಅವನ್ನ ಒಸಿ ಕೇಳಿ, ಓವನ್ ಯಾಕಂಗಾಯ್ತು ಅಂತ" ಎಂದ. ಕೇಳುತ್ತಿದ್ದೇನೆ.

ಚೆಲುವಯ್ಯ
೨ ಜನವರಿ ೨೦೦೨, ಸಂಜೆ ಐದೂವರೆ ಗಂಟೆ


ಚನ್ನಪಟ್ಟಣ

ಮರಿಯಪ್ಪನಿಗೆ,

ನನ್ನ ಪ್ರಶ್ನೆಗೆ ನೀನು ಒಂದು ಸಾಲಿನ ಉತ್ತರವನ್ನೂ ಬರೆಯಲಿಲ್ಲ. ಬದಲಾಗಿ ಇಂದು ನಿನ್ನ ವಿಳಾಸವಿದ್ದ ಭಾರವಾದ ಒಂದು ಪೊಟ್ಟಣ ನನ್ನ ಹೆಸರಿಗೆ ಬಂತು. ಜೊತೆಗೆ ಪತ್ರವಿಲ್ಲ. ಕೈಲಾದುದನ್ನು ಮಾಡುತ್ತೇನೆ, ವಿಷಯವನ್ನು ಇಲ್ಲಿಗೆ ಬಿಡಿ ಎಂದು ನೀನು ಬರೆದದ್ದು ನೆನಪಾಯಿತು. ಬೆಳ್ಳಿಯೋ ಬಟ್ಟೆಯೋ ತಿಳಿಯದು. ಪೀರ್ ಸಾಬನ ಕೈಗಳಿಗೆ ಬದಲಾಗಿ ಏನನ್ನೂ ಸ್ವೀಕರಿಸುವ ಅಧಿಕಾರ ನನಗಿಲ್ಲ. ನನ್ನ ಬಾಯಿ ಮುಚ್ಚುವುದಕ್ಕೆ ಬದಲಾಗಿ ಸ್ವೀಕರಿಸುವ ಇಚ್ಛೆ ಇಲ್ಲ. ಬಿಚ್ಚದೆ ಹಿಂದಿರುಗಿಸಿದ್ದೇನೆ.

ಚೆಲುವಯ್ಯ
೧೨ ಜನವರಿ ೨೦೦೨, ಹಗಲು ಹನ್ನೊಂದು ಗಂಟೆ ಹತ್ತು ನಿಮಿಷ


ಪುಣೆ, ೧೯ ಜನವರಿ ೨೦೦೨

ಗುರುಗಳೇ,

ಪೊಟ್ಟಣ ಈಗತಾನೆ ಬಂತು. ನನ್ನ ಗಂಟು ಹಾಗೆಯೇ ಇದೆ. ಪರೀಕ್ಷೆಯ ಉತ್ತರ ಎಷ್ಟೇ ಕೆಟ್ಟದಾಗಿದ್ದರೂ ಓದದೆ ಸೊನ್ನೆ ಹಾಕಿದವರಲ್ಲ ನೀವು. ಇದನ್ನು ಮಾತ್ರ ಓದದೆ ಸೊನ್ನೆ ಹಾಕಿದಿರಿ.

ಅದರಲ್ಲಿ ಬೆಳ್ಳಿ ಇರಲಿಲ್ಲ. ಒಂದು ತಗಡು ಇತ್ತು. ಅದರ ಒಂದು ಅಂಚನ್ನು ನಾನೇ ಕಚ್ಚು ತೆಗೆದಂತೆ ಕತ್ತರಿಸಿದ್ದೆ. ಹಿಡಿಯನ್ನು ಎಷ್ಟೇ ತಿರುಗಿಸಿದರೂ ಆ ಕಚ್ಚಿನಿಂದ ಆವಿ ಹೊರಗೆ ಹೋಗುತ್ತಲೇ ಇರುತ್ತದೆ. ಇನ್ನೊಂದು, ಕೊಳವೆಯಲ್ಲಿ ಗಾಳಿಯ ಓಟವನ್ನು ನೋಡಿಕೊಳ್ಳುವ ಸ್ವಿಚ್ಚು. ತಗಡು ಮುಚ್ಚಲಿ, ಫ್ಯಾನಿನ ಬೆಲ್ಟೇ ಹರಿಯಲಿ, ಗಾಳಿ ತಗ್ಗಿದೊಡನೆ ಸುರುಳಿಗಳಿಗೆ ಹೋಗುವ ವಿದ್ಯುತ್ತನ್ನು ಅದು ಕಡಿಯುತ್ತದೆ. ಯಾರು ಏನನ್ನು ಮರೆತರೂ ಅದು ಮರೆಯುವುದಿಲ್ಲ. ಎರಡನ್ನೂ ಕೂರಿಸುವ ಕ್ರಮವನ್ನು ಕನ್ನಡದಲ್ಲಿ ಬರೆದು ಒಳಗೇ ಇಟ್ಟಿದ್ದೆ. ನೇರವಾಗಿ ಕಾರ್ಖಾನೆಗೆ ಕಳಿಸಿದರೆ ಒಲೆಯಲ್ಲಿ ಕೊರತೆಯಿತ್ತೆಂದು ಒಪ್ಪಿದಂತೆ ಎಂದು ನಮ್ಮವರು ತಡೆದರು. ನನಗಿದ್ದ ವಿಳಾಸ ನಿಮ್ಮದೊಂದೇ.

ಇವೆರಡೂ ನನ್ನ ಮೊದಲ ನಕ್ಷೆಯಲ್ಲಿದ್ದವು. ಕೊಳ್ಳುವವರು ಬೇಡವೆಂದರು, ನಮ್ಮವರು ಸರಿಯೆಂದರು, ಅಳಿಸಿದ್ದು ನಾನು. ಅಳಿಸುವಾಗ ಗೋಣಿತಟ್ಟು ನೆನಪಿಗೆ ಬಂದಿತ್ತೇ ಎಂದು ನೀವು ಕೇಳಿಲ್ಲ. ಕೇಳಬೇಡಿ.

ಒಲೆ ಹೊತ್ತಿಸಬೇಡಿರೆಂದು ಕಾರ್ಖಾನೆಗೆ ಫೋನು ಮಾಡಿದೆ. ಹಲಗೆ ಹಾಕಿದ್ದೇವೆ ಎಂದರು. ಪೀರಣ್ಣ ಗಡ್ಡದ ಬಗ್ಗೆ ಆಡಿದ ಮಾತನ್ನು ನೀವು ಬರೆಯಬಾರದಾಗಿತ್ತು.

ಮರಿಯಪ್ಪ


ಹಾರೋಹಳ್ಳಿ

ಮರಿಯಪ್ಪನಿಗೆ,

ನಿನ್ನ ಪತ್ರ ನಿನ್ನೆ ಕೈಸೇರಿತು. ಪೊಟ್ಟಣದ ವಿಷಯದಲ್ಲಿ ತಪ್ಪು ನನ್ನದು. ಸಮಜಾಯಿಷಿ ಇಲ್ಲ.

ಒಲೆಯನ್ನು ಸೋಮವಾರವೇ ಹೊತ್ತಿಸಿದ್ದಾರೆ. ಈ ಪತ್ರವನ್ನು ನಾನು ಅದರ ಪಕ್ಕದಲ್ಲಿ, ಸ್ವಿಚ್ಚುಗಳ ಪೆಟ್ಟಿಗೆಗೆ ಬೆನ್ನು ಕೊಟ್ಟು, ಒಂದು ಸ್ಟೂಲಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದೆ. ಇಂದಿನ ಕೆಲಸಕ್ಕೆ ಸುರುಳಿಗಳನ್ನು ಹೊತ್ತಿಸುವ ಮೊದಲೇ ಇಲ್ಲಿ ಕುಳಿತೆ. ನನ್ನನ್ನು ಎತ್ತಿ ಪಕ್ಕಕ್ಕಿಡದೆ ಪೆಟ್ಟಿಗೆಯ ಬಾಗಿಲು ತೆರೆಯುವಂತಿಲ್ಲ.

ಅಂಕಯ್ಯ ಮೊದಲು ಕಾಫಿ ತರಿಸಿದ. ಆಮೇಲೆ, ನನಗೆ ಎಪ್ಪತ್ತಾಯಿತು, ರಕ್ತದೊತ್ತಡವಿದೆ ಎಂದು ನೆನಪಿಸಿದ. ಆಮೇಲೆ ಅವನ ದನಿ ಏರಿತು. "ಎದ್ದೋಳಿ ಮೇಷ್ಟ್ರೆ, ಓನರ್ ಬತ್ತಾರೆ. ನನ್ ಕೆಲ್ಸ ಕಳೀಬ್ಯಾಡಿ."

ನಾನು ಕೇಳಿದೆ: "ನಿನ್ನ ಮಗಳನ್ನು ಇದರ ಮುಂದೆ ನಿಲ್ಲಿಸುತ್ತೀಯಾ, ಅಂಕಯ್ಯ?"

ಅವನು ಹಲಗೆಯ ಕಡೆಗೆ ತಿರುಗಿದ. ಬಣ್ಣದ ತಟ್ಟೆಗಳ ಹಿಂದಿನಿಂದ ಒಬ್ಬ ಹೆಂಗಸು, ಚಿಕ್ಕಲಕ್ಷ್ಮಮ್ಮ ಎಂದು ಹೆಸರು, "ಹೇಳಿ ಸೂಪರ್‌ವೈಸರ್ರೇ, ಬಾಯಿಗೂ ಹಲಗೆ ಹಾಕ್ಕಂಡ್ರಾ?" ಎಂದಳು. ಎಲ್ಲರೂ ನಕ್ಕರು. ಅಂಕಯ್ಯ ಹೊರಗೆ ಹೋದ. ಒಬ್ಬ ಮುದುಕನನ್ನು ಮುಟ್ಟಲು ಹೆದರುವ ಇವರಿಗೆ ಒಂದು ಹುಡುಗಿಯನ್ನು ಇಲ್ಲಿ ನಿಲ್ಲಿಸಲು ಹೆದರಿಕೆಯಾಗಲಿಲ್ಲ. ಅಕ್ಷರ ಕೆಟ್ಟಿರುವುದು ಸಿಟ್ಟಿನಿಂದ, ವಯಸ್ಸಿನಿಂದಲ್ಲ.

ನಾಳೆಯೂ ಬರುತ್ತೇನೆ, ನಾಡಿದ್ದೂ ಬರುತ್ತೇನೆ. ಪೊಟ್ಟಣವನ್ನು ಅಂಚೆಗೆ ಹಾಕಬೇಡ. ತೆಗೆದುಕೊಂಡು ಬಾ.

ಚೆಲುವಯ್ಯ
೨೪ ಜನವರಿ ೨೦೦೨, ಹಗಲು ಹತ್ತೂ ಮುಕ್ಕಾಲು ಗಂಟೆ


ಪುಣೆ, ೧೮ ಫೆಬ್ರವರಿ ೨೦೦೨

ಪೂಜ್ಯ ಗುರುಗಳಿಗೆ,

ನಮಸ್ಕಾರಗಳು. ತಿದ್ದಿದ ವರದಿಯನ್ನು ತನಿಖಾಧಿಕಾರಿಗಳಿಗೂ ಪೊಲೀಸರಿಗೂ ನನ್ನ ಹೆಸರಿನಲ್ಲಿಯೇ ಕಳಿಸಿದ್ದೇನೆ. ಪ್ರತಿ ಇದರೊಂದಿಗಿದೆ. ತಗಡನ್ನು ಮುಚ್ಚಿದ್ದು ಪೀರ್ ಸಾಬರು ಎಂದು ಬರೆದಿದ್ದೇನೆ. ಅವರೇ ಹಾಗೆ ಬರೆಯೆಂದರು. ಮುಚ್ಚಲು ಸಾಧ್ಯವಾಗುವಂತೆ ಮಾಡಿದ್ದು ನಾನು ಎಂಬುದು ಅದರ ಮುಂದಿನ ವಾಕ್ಯ.

ನಾನು ಅಲ್ಲಿಗೆ ಬಂದು ಒಲೆಯನ್ನು ಬಿಚ್ಚಿ ತಗಡನ್ನೂ ಸ್ವಿಚ್ಚನ್ನೂ ಕೂರಿಸಿದ ಆ ಎರಡು ದಿನ ನೀವು ಸ್ಟೂಲಿನಿಂದ ಏಳದೆ ನನ್ನ ಪ್ರತಿ ಸ್ಕ್ರೂವನ್ನೂ ನೋಡುತ್ತಿದ್ದಿರಿ. ಏಳನೆಯ ತರಗತಿಯಲ್ಲಿ ಕೂಡ ನನಗೆ ಅಷ್ಟು ಭಯವಾಗಿರಲಿಲ್ಲ.

ಪೀರಣ್ಣನ ಮನೆಯಲ್ಲಿ ಏನಾಯಿತೆಂದು ನೀವು ಕೇಳಲಿಲ್ಲ. ಓವನ್ ನನ್ನದೇ ಎಂದು ಹೇಳಿದೆ. "ನಿಮ್ಮಪ್ಪ ಇದ್ದಿದ್ರೆ ಹೊಡೀತಿದ್ದ ಕಣ್ಲಾ ಮರಿ. ನನಗೆ ಕೈಯಿಲ್ಲ, ಬದಿಕ್ಕಂಡೆ ಹೋಗು" ಎಂದರು. ಫಿರೋಜಾ ಊಟಕ್ಕೆ ಕರೆಯಲಿಲ್ಲ. ನೀರು ಕೊಟ್ಟಳು.

ನನ್ನ ವಿಳಾಸ ಬದಲಾಗಿದೆ. ಕೆಳಗೆ ಬರೆದಿದ್ದೇನೆ.

ತಮ್ಮ ವಿಧೇಯ,
ಮರಿಯಪ್ಪ


ಹಾರೋಹಳ್ಳಿ

ಮರಿಯಪ್ಪನಿಗೆ,

ನಿನ್ನ ಹಿಂದಿನ ಪತ್ರದ ಕಾಗದದ ಮೇಲೆ ಕಂಪನಿಯ ಹೆಸರು ಅಚ್ಚಾಗಿರಲಿಲ್ಲ. ವಿಳಾಸ ಒಂದು ಮನೆಯದು. ಕಾರಣವನ್ನು ನೀನು ಬರೆದಿಲ್ಲ, ನಾನು ಕೇಳುವುದಿಲ್ಲ. ಪೀರ್ ಸಾಬನ ಮೇಲಿನ ಮೊಕದ್ದಮೆಯನ್ನು ಕೈಬಿಟ್ಟಿದ್ದಾರೆ. ಯಾರೂ ಕ್ಷಮೆ ಕೇಳಲಿಲ್ಲ. ಹಲಗೆ ಇನ್ನೂ ಇದೆ.

ಇಂದು ಗುರುವಾರ. ಈಗಲೂ ಗುರುವಾರಗಳಂದು ಇಲ್ಲಿಗೆ ಬಂದು ಆ ಸ್ಟೂಲಿನ ಮೇಲೆ ಕೂರುತ್ತೇನೆ. ಅಂಕಯ್ಯ ಕೇಳುವುದನ್ನು ಬಿಟ್ಟಿದ್ದಾನೆ. ನಿನ್ನೆಯಿಂದ ಅಶ್ವಿನಿ ಮಳೆ ಹಿಡಿದಿದೆ. ಊಟವಾದ ಮೇಲೆ ಹೊರಗೆ ಬಂದ ತಟ್ಟೆಯ ಗೊಂಬೆಗಳ ಮೇಲೆಲ್ಲ ಬೆಳ್ಳಗೆ ಮಂಜು. ಫಿರೋಜಾ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು, ಲಂಗದ ಅಂಚಿನಿಂದ ಒರೆಸಿದಳು, ಹೋಗಲಿಲ್ಲ. ಗೊಂಬೆಯನ್ನು ಕೆಳಗಿಟ್ಟು ಎರಡು ಹೆಜ್ಜೆ ನಡೆದು, ಆ ಹಲಗೆಯ ಕೆಳಗೇ ಕೈಯಿಟ್ಟು, ಹಿಡಿಯನ್ನು ಕೊನೆಯವರೆಗೆ ತಿರುಗಿಸಿ ತಗಡನ್ನು ಮುಚ್ಚಿಬಿಟ್ಟಳು.

ನಾನು ಏಳುವಷ್ಟರಲ್ಲಿ ಟಕ್ ಎಂದಿತು. ಸುರುಳಿಗಳ ಕೆಂಪು ದೀಪ ಆರಿತು. ಫ್ಯಾನು ಮಾತ್ರ ತಿರುಗುತ್ತಲೇ ಇತ್ತು. ನೀನು ಕತ್ತರಿಸಿದ ಕಚ್ಚಿನಿಂದ ಆವಿ ಹೋಗುತ್ತಿದೆಯೆಂದು ಹೊರಗಿನ ಕೊಳವೆಯ ಬಾಯಿಯಿಂದ ಒಳಕ್ಕೆ ತೇಲಿಬಂದ ವಾಸನೆಯಿಂದ ತಿಳಿಯಿತು. ಬೇರೆ ಏನೂ ಆಗಲಿಲ್ಲ. ಚಿಕ್ಕಲಕ್ಷ್ಮಮ್ಮ ತಲೆಯನ್ನೂ ಎತ್ತಲಿಲ್ಲ.

ಫಿರೋಜಾ ಹಿಡಿಯ ಮೇಲಿದ್ದ ತನ್ನ ಕೈಯನ್ನು ಬೇರೆಯವರ ಕೈಯನ್ನು ನೋಡುವಂತೆ ನೋಡಿದಳು. "ನಾನು ಮುಚ್ಚ್ದ್ನಾ ಮೇಷ್ಟ್ರೆ?" ಎಂದಳು.

ಅವಳನ್ನು ಬಯ್ದೆ. ಅಂಕಯ್ಯನನ್ನು ಬಯ್ದೆ, ಮಳೆ ಬಂದಾಗ ಕೆಲಸ ನಿಲ್ಲಿಸದ ಓನರನ್ನು ಎಲ್ಲರೆದುರು ಬಯ್ದೆ. ನಿನ್ನನ್ನೂ ಬಯ್ದೆ, ಇದನ್ನು ನವೆಂಬರಿಗೆ ಮೊದಲು ಮಾಡದಿದ್ದುದಕ್ಕೆ. ಸಿಟ್ಟು ಇಳಿದಿಲ್ಲ, ಇಳಿಯಬೇಕೆಂದು ನನಗೆ ಅನ್ನಿಸುತ್ತಲೂ ಇಲ್ಲ. ಅವಳು ತಗಡನ್ನು ತೆರೆದು, ತಟ್ಟೆಗಳನ್ನು ಹೊರಗೆಳೆದು, ಮೂಲೆಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದಾಳೆ. ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದಿದ್ದಾಳೆ.

ಡಿಸೆಂಬರಿನಲ್ಲಿ ತಡೆಹಿಡಿದ ಆಶೀರ್ವಾದವನ್ನು ಈಗ ಬರೆಯುತ್ತಿದ್ದೇನೆ.

ಚೆಲುವಯ್ಯ
೧೮ ಏಪ್ರಿಲ್ ೨೦೦೨, ಗುರುವಾರ, ಹಗಲು ಮೂರು ಗಂಟೆ ಇಪ್ಪತ್ತು ನಿಮಿಷ